ಮೀನಿನ ನೀರಿನ ಮೆಂತೆ ಪಲ್ಯ: ಹಳೇ ವಿದ್ಯೆಯೋ, ಹೊಸದೋ?

ಇವತ್ತಿನ ಕಂತಿನ ವಿಷಯ ಅಕ್ವಾಪೋನಿಕ್ಸ್. ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಟಾಕಿಯೊಳಗ ಮೀನು, ಪಕ್ಕದಲ್ಲಿ ಖಡಿ ತುಂಬಿದ ಒಂದು ತೊಟ್ಟಿ, ಆ ಖಡಿಯಲ್ಲಿ ಮಣ್ಣೇ ಇಲ್ಲದೆ ಬೆಳೆಯೋ ಮೆಂತೆ, ಕೊತ್ತಂಬರಿ, ಪುದೀನ. ಮೀನಿನ ಹೊಲಸು ನೀರನ್ನ ಪಂಪು ತೊಟ್ಟಿಗೆ ಎತ್ತುತ್ತದೆ, ಗಿಡ ತನಗೆ ಬೇಕಾದ್ದು ಹೀರಿಕೊಳ್ಳುತ್ತದೆ, ತಿಳಿಯಾದ ನೀರು ಮತ್ತೆ ಮೀನಿಗೇ ಬರುತ್ತದೆ.

ಇದರ ಬಗ್ಗೆ ಫೋನಿನಲ್ಲಿ ಯಾವ ವಿಡಿಯೋ ತೆಗೆದರೂ ಮೊದಲನೇ ನಿಮಿಷದಲ್ಲೇ ಹೇಳ್ತಾರೆ, ಇದು ಸಾವಿರಾರು ವರ್ಷದ ಹಳೇ ಪದ್ಧತಿ ಅಂತ. ನನಗಿದು ಒಪ್ಪಿಗೆ ಇಲ್ಲ. ಸುಮ್ಮನೆ ವಾದಕ್ಕೆ ಹೇಳ್ತಿಲ್ಲ ರೀ. ನಮ್ಮ ದೊಡವಾಡದಂಥ ಊರಿಗೆ ಇದು ಹೊಂದುತ್ತದೋ ಇಲ್ಲೋ ಅನ್ನೋದು ಈ ಪ್ರಶ್ನೆಯ ಉತ್ತರದ ಮ್ಯಾಲೇ ನಿಂತದೆ.

ಬೈಲಹೊಂಗಲ, ಸವದತ್ತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಜೊತೆ ಹಸೀ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ಇಲ್ಲದಿದ್ದರೆ ಊಟ ಆದಂಗ ಅನ್ನಿಸೋದಿಲ್ಲ. ನಮ್ಮ ಆಯಿ ಕಾಲದಲ್ಲಿ ಬಚ್ಚಲ ನೀರು ಹಿತ್ತಲಿಗೆ ಹರೀತಿತ್ತು, ನಾಲ್ಕು ಮಡಿ ಪಲ್ಯ ಅದರಲ್ಲೇ ಬರ್ತಿತ್ತು. ಈಗ ಹಿತ್ತಲಿಗೆ ಸಿಮೆಂಟು ಬಿದ್ದದೆ, ಬಚ್ಚಲ ನೀರು ಗಟಾರಕ್ಕೆ ಹೋಗ್ತದೆ. ಬ್ಯಾಸಗಿ ಬಂತಂದ್ರ ಸಂತಿಯಲ್ಲಿ ಮೆಂತೆ ಸೂಡು ಸಣ್ಣದಾಗ್ತದೆ, ರೇಟು ದೊಡ್ಡದಾಗ್ತದೆ.

ಈಗ ಆ 'ಹಳೇ ಪದ್ಧತಿ'ಗಳಿಗೆ ಬರೋಣ. ಎಲ್ಲರೂ ಮೊದಲು ಹೆಸರಿಸೋದು ಮೆಕ್ಸಿಕೋದ ಚಿನಾಂಪಾ. ಅಜ್ಟೆಕ್ ಜನ ಆಳವಿಲ್ಲದ ಸರೋವರದಲ್ಲಿ ಕೆಸರು ಎತ್ತಿ ಎತ್ತಿ ಹೊಲ ಕಟ್ಟಿದರು, ಸುತ್ತ ಕಾಲುವೆ ಬಿಟ್ಟರು. ಸೊಚಿಮಿಲ್ಕೋದಲ್ಲಿ ಅಂಥ ಹೊಲ ಇವತ್ತಿಗೂ ಇವೆ. ಎರಡನೇದು ಚೀನಾದಲ್ಲಿ ಭತ್ತದ ಗದ್ದೆಯೊಳಗೇ ಮೀನು ಸಾಕೋದು. ಅಷ್ಟು ದೂರ ಯಾಕೆ, ನಮ್ಮ ಕುಮಟಾಕ್ಕೇ ಹೋಗಿ ಬನ್ನಿ. ಅಘನಾಶಿನಿ ಸಮುದ್ರ ಸೇರೋ ಕಡೆ, ಮಾಣಿಕಟ್ಟಾ ಸುತ್ತಮುತ್ತ, ಗಜನಿ ಭೂಮಿ ಅಂತ ಇದೆ. ಅಲ್ಲಿ ಮಳೆಗಾಲದಲ್ಲಿ ಬೆಳೆಯೋದು ಉಪ್ಪು ನೀರು ತಡೆಯೋ ಕಗ್ಗ ಭತ್ತ. ತೆನೆ ಅಷ್ಟೇ ಕೊಯ್ದು ಹುಲ್ಲನ್ನ ಗದ್ದೆಯಲ್ಲೇ ಬಿಡ್ತಾರೆ. ಆಮೇಲೆ ತೂಬು ತೆಗೆದರೆ ಉಬ್ಬರದ ನೀರಿನ ಜೊತೆ ಮೀನು, ಸಿಗಡಿ ಒಳಗೆ ಬರ್ತಾವೆ. ಕೊಳೆತ ಹುಲ್ಲು ಅವಕ್ಕೆ ಮೇವು, ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ನನ್ನ ಕೇಳಿದರೆ ಕರ್ನಾಟಕದಲ್ಲಿ ಇದಕ್ಕಿಂತ ಜಾಣ ಬೇಸಾಯ ಇಲ್ಲ.

ಆದರೆ ಒಂದು ಗಮನಿಸಿ. ಈ ಮೂರೂ ನೀರು ಸಮೃದ್ಧವಾಗಿದ್ದ ಜಾಗದ ವಿದ್ಯೆ. ಒಂದು ಕಡೆ ಸರೋವರ, ಇನ್ನೊಂದು ಕಡೆ ಗದ್ದೆ, ಮತ್ತೊಂದು ಕಡೆ ಸಮುದ್ರದ ಉಬ್ಬರ. ಅಲ್ಲಿ ಯಾರಿಗೂ ಅದೇ ಇನ್ನೂರು ಲೀಟರ್ ನೀರನ್ನ ತಿಂಗಳುಗಟ್ಟಲೆ ತಿರುಗಿಸೋ ಗರಜು ಬರಲಿಲ್ಲ. ಎರೆ ಭೂಮಿಯ ದೊಡವಾಡಕ್ಕೆ ಚಿನಾಂಪಾ ಕಟ್ಕೊಂಡು ಏನ್ ಮಾಡೋದು?

ಸಣ್ಣ ಟಾಕಿಯಲ್ಲಿ ಅದೇ ನೀರು ಸುತ್ತಬೇಕಂದ್ರೆ ಒಂದು ತೊಡಕು ಬಿಡಿಸಬೇಕು. ಮೀನಿನ ಹೊಲಸಿನಿಂದ ಬರೋ ಅಮೋನಿಯಾ ಮೀನಿಗೇ ವಿಷ. ಅದು ನೈಟ್ರೇಟ್ ಆದರೆ ಗಿಡಕ್ಕೆ ಒಳ್ಳೇ ಊಟ. ಈ ಬದಲಾವಣೆ ಯಾರು ಮಾಡ್ತಾರೆ? ನೈಟ್ರೇಟ್ ಅಂತೂ ನಮ್ಮ ಹಿರಿಯರಿಗೆ ಗೊತ್ತಿದ್ದ ಸಾಮಾನೇ. ದನದ ಕೊಟ್ಟಿಗೆಯ ಹಳೇ ಮಣ್ಣಿನ ಗ್ವಾಡಿಗೆ ಬಿಳೀ ಉಪ್ಪು ಹತ್ತಿದ್ದು ನೋಡಿರಬೇಕು ನೀವು. ಅಂಥ ಮಣ್ಣನ್ನ ಸೋಸಿ ಪೆಟ್ಲುಪ್ಪು ತೆಗೆದು ಮದ್ದು-ಗುಂಡಿಗೆ ಬಳಸ್ತಿದ್ದರು. ಆದರೆ ಗಂಜಲ ಉಪ್ಪಾಗೋದು ಹೆಂಗ ಅಂತ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. ಗಾಳಿ ತಾಗಿ ಆಗೋ ರಸಾಯನ ಕ್ರಿಯೆ ಅಂತಲೇ ವಿಜ್ಞಾನಿಗಳು ನಂಬಿದ್ದರು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಅನ್ನೋ ಇಬ್ಬರು ಉದ್ದನೆ ಗಾಜಿನ ಕೊಳವೆಯಲ್ಲಿ ಮರಳು, ಸುಣ್ಣದ ಕಲ್ಲಿನ ಪುಡಿ ತುಂಬಿದರು. ಮೇಲಿನಿಂದ ಗಟಾರದ ನೀರು ನಿಧಾನಕ್ಕೆ ಇಳಿಬಿಟ್ಟರು. ಇಪ್ಪತ್ತು ದಿವಸ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಹಂಗ ಕೆಳಗೆ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ಹೆಚ್ಚುತ್ತಾ ಹೋಯಿತು, ಕಡೆಗೆ ಅಮೋನಿಯಾ ಪೂರ್ತಿ ಮಾಯ. ಬರೀ ರಸಾಯನ ಕ್ರಿಯೆ ಆಗಿದ್ದರೆ ಇಪ್ಪತ್ತು ದಿವಸ ಯಾಕೆ ಕಾಯಬೇಕಿತ್ತು? ಆಗ ಕೊಳವೆಯೊಳಗೆ ಕ್ಲೋರೋಫಾರ್ಮ್ ಬಿಟ್ಟು ನೋಡಿದರು. ಕೆಲಸ ನಿಂತೇ ಹೋಯಿತು. ಕ್ಲೋರೋಫಾರ್ಮ್ ತೆಗೆದರೂ ಶುರು ಆಗಲಿಲ್ಲ. ಒಂದಿಷ್ಟು ಹೊಸ ಮಣ್ಣು ಕಲಸಿದ ನೀರು ಹಾಕಿದ ಮೇಲೆ ಮತ್ತೆ ನಡೀತು. ಅಂದ್ರೆ ಒಳಗೆ ಕೆಲಸ ಮಾಡ್ತಿದ್ದದ್ದು ಜೀವ. 1890ರ ಹೊತ್ತಿಗೆ ವಿನೊಗ್ರಾಡ್ಸ್ಕಿ ಅನ್ನೋ ರಷ್ಯಾದ ವಿಜ್ಞಾನಿ ಆ ಬ್ಯಾಕ್ಟೀರಿಯಾಗಳನ್ನ ಬೇರ್ಪಡಿಸಿ ತೋರಿಸಿದ.

ಮನೆಯಲ್ಲಿ ಟಾಕಿ ಇಡೋರು ಈ ಇಪ್ಪತ್ತು ದಿವಸ ನೆನಪಿಟ್ಟುಕೊಳ್ಳಬೇಕು. ಹೊಸ ಖಡಿಯಲ್ಲಿ ಬ್ಯಾಕ್ಟೀರಿಯಾ ಬೀಡು ಬಿಡೋಕೆ ನಾಲ್ಕರಿಂದ ಆರು ವಾರ ಹಿಡೀತದೆ. ಅಷ್ಟರೊಳಗೆ ಮೀನು ತುಂಬಿಸಿಬಿಟ್ಟರೆ ಅವು ಬದುಕೋದು ಕಷ್ಟ.

ಇಷ್ಟು ತಿಳಿದ ಮೇಲೂ ಮೀನು, ಗಿಡ ಎರಡನ್ನೂ ಒಂದೇ ನೀರಿನಲ್ಲಿ ಸುತ್ತಿಸೋಕೆ ನೂರು ವರ್ಷ ಆಯಿತು. ಮಾಡಿದ್ದು ಎಲ್ಲಿ ಅನ್ನೋದೇ ನನಗೆ ಹಿಡಿಸಿದ ಸಂಗತಿ. ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಕ್ರಾಯ್ ಅಂತ ಒಂದು ದ್ವೀಪ. ಸುತ್ತ ಉಪ್ಪು ನೀರು, ಸಿಹಿನೀರಿನ ಹೊಳೆ ಇಲ್ಲ. ಮನೆ ಕಟ್ಟಿದರೆ ಮಾಳಿಗೆಯ ಮಳೆನೀರು ಹಿಡಿಯೋ ತೊಟ್ಟಿ ಬೇಕೇ ಬೇಕು ಅಂತ ಅಲ್ಲಿ ಕಾನೂನೇ ಇದೆ. ಅಲ್ಲಿಯ ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ 1980ರ ದಶಕದಿಂದ ಈ ಪದ್ಧತಿಯನ್ನ ಹಂತಹಂತವಾಗಿ ತಿದ್ದಿದರು. ದಿನಕ್ಕೆ ಹೊಸದಾಗಿ ಹಾಕಬೇಕಾದ ನೀರು ಒಟ್ಟು ನೀರಿನ ಶೇ. 1.5ರಷ್ಟು ಮಾತ್ರ. ಅಲ್ಲಿ ಬೆಳೆದ ಬೇಸಿಲ್, ಅಂದ್ರೆ ನಮ್ಮ ಕಾಮಕಸ್ತೂರಿ, ಹೊಲದ ಬೆಳೆಗಿಂತ ಮೂರು ಪಟ್ಟು ಇಳುವರಿ ಕೊಟ್ಟಿತು. ಅದೇ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮಾರ್ಕ್ ಮೆಕ್‌ಮರ್ಟ್ರಿ ಮರಳಿನ ಮಡಿ ಮಾಡಿ ಇದನ್ನೇ ಸಾಧಿಸಿದರು. ಅದಕ್ಕೇ ನಾನು ಇದನ್ನ ಹೊಸ ವಿದ್ಯೆ ಅನ್ನೋದು. ದ್ವೀಪದವರಿಗೆ ನೀರಿನ ಬರ ಇಲ್ಲದಿದ್ದರೆ ಇದರ ಹಿಂದೆ ಇಷ್ಟು ವರ್ಷ ಯಾರು ಬೀಳ್ತಿದ್ದರು? ಚಿನಾಂಪಾಕ್ಕಿಂತ ನಮ್ಮ ಆಯಿಯ ಬಚ್ಚಲ ನೀರಿಗೇ ಇದು ಹತ್ತಿರದ ಸಂಬಂಧಿ.

ಇವರಿಬ್ಬರೂ ಸಾಕಿದ್ದು ತಿಲಾಪಿಯಾ, ನಮ್ಮಲ್ಲಿ ಜಿಲೇಬಿ ಮೀನು ಅಂತಾರಲ್ಲ, ಅದು. ಭಾರತಕ್ಕೆ ಅದು 1952ರಲ್ಲಿ ಬಂತು. ಬಂದ ಕೆರೆಯಲ್ಲೆಲ್ಲ ಬೇರೆ ಮೀನಿಗೆ ಜಾಗ ಬಿಡಲಿಲ್ಲ ಅಂತ 1959ರಲ್ಲೇ ನಿರ್ಬಂಧ ಹಾಕಿದರು. ಆದ್ದರಿಂದ ಅದನ್ನ ತಂದು ಸಾಕೋ ಗೋಜು ಬ್ಯಾಡ. ಮೀನು ತಿನ್ನದ ಮನೆಗಳಿಗೆ ಗೋಲ್ಡ್ ಫಿಶ್ ಸಾಕು, ಗಿಡಕ್ಕೆ ಬೇಕಾದ್ದು ಅದರ ಹೊಲಸು ಅಷ್ಟೇ. ನಮ್ಮ ಮಾಳಿಗೆ ಮೇಲಿನ ತೊಟ್ಟಿ ನೋಡಿ ದೊಡ್ಡವ್ವ ಕೇಳಿದಳು, "ಮೀನಿನ ಹೊಲಸ ನೀರಾಗ ಬೆಳದದ್ದು ನಾ ಹೆಂಗ ತಿನ್ನಲೋ?" ನಾನಂದೆ, "ಶೆಗಣಿ ಗೊಬ್ಬರದ್ದು ತಿಂತಿಯಲ್ಲ ದೊಡ್ಡವ್ವ." ಸ್ವಲ್ಪ ಹೊತ್ತು ವಿಚಾರ ಮಾಡಿ, "ಆಕಳದ್ದು ಬ್ಯಾರೆ" ಅಂದಳು. ಮೆಂತೆ ಅಂತೂ ಚಿವುಟಿಕೊಂಡು ಹೋದಳು.

ಲೆಕ್ಕ ಹೇಳ್ತೀನಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಸಣ್ಣ ಅಕ್ವಾಪೋನಿಕ್ಸ್ ಬಗ್ಗೆ ಒಂದು ಕೈಪಿಡಿ ತಂದಿದೆ. ಅದರ ಪ್ರಕಾರ ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೇಕು. ಅಷ್ಟು ತಿನ್ನೋಕೆ ಒಟ್ಟು ಎರಡೂವರೆ ಕಿಲೋದಷ್ಟು ಮೀನು ಇದ್ದರಾಯ್ತು. ಅದಕ್ಕೆ 200 ಲೀಟರಿನ ಒಂದು ಡ್ರಮ್ಮು ಸಾಲ್ತದೆ. ಬೋರಿನ ಗಡಸು ನೀರಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗೋದಿಲ್ಲ, ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳೀತಾವೆ. ಮಳೆನೀರು ಹಿಡಿದು ಬೆರೆಸಿದರೆ ವಾಸಿ.

ಮೀನಿನ ಆಹಾರ ಮಾತ್ರ ರೊಕ್ಕ ಕೊಟ್ಟೇ ತರಬೇಕು, ಅದು ಯಾವ ವಿಡಿಯೋದಲ್ಲೂ ಗಟ್ಟಿಯಾಗಿ ಹೇಳೋದಿಲ್ಲ. ಇನ್ನು ಕರೆಂಟು. ಬ್ಯಾಸಗಿಯ ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಪಂಪು ನಿಂತರೆ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ಹಿಂಗಾಗಿ ಡ್ರಮ್ಮು ಕೊಳ್ಳೋಕೆ ಮುಂಚೆ ಬ್ಯಾಟರಿ ಮೇಲೆ ನಡಿಯೋ ಒಂದು ಸಣ್ಣ ಗಾಳಿ ಪಂಪು ತಂದಿಡ್ರಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗ್ತದೆ.