ಗೋಡೆಯಾಚೆಯ ಕೈ

ಕಳೆದ ದಸರೆಯ ರಜೆಯಲ್ಲಿ ನನ್ನ ಅಣ್ಣನ ಮೊಮ್ಮಗ ನಮ್ಮ ಮನೆಗೆ ಬಂದಿದ್ದ; ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಚೀಲದಿಂದ ತಂತಿಗಳು ಇಳಿಬಿದ್ದಿದ್ದ ಒಂದು ಕೈಗವಸನ್ನು ತೆಗೆದು ನನ್ನ ಬಲಗೈಗೆ ತೊಡಿಸಿ, "ಚಿಕ್ಕತಾತ, ಸುಮ್ಮನೆ ಕೈ ಆಡಿಸಿ ನೋಡಿ" ಎಂದ. ಮೇಜಿನ ಮೇಲಿದ್ದ ಪುಟ್ಟ ಯಂತ್ರದ ತೋಳು ನನ್ನ ಕೈ ವಾಲಿದತ್ತ ವಾಲಿತು. ನಾನು ಬೆರಳು ಮಡಿಸಿದರೆ ತನ್ನ ಇಕ್ಕುಳವನ್ನು ಮುಚ್ಚಿತು. ಆದರೆ ಎರಡು ವರ್ಷಗಳಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತದೆ. ಆ ನಡುಕವನ್ನೂ ಅದು ನಿಷ್ಠೆಯಿಂದ ಅನುಕರಿಸಿತು. ಎತ್ತಲು ಹೋದ ಮಣ್ಣಿನ ಹಣತೆ ಅದರ ಹಿಡಿತಕ್ಕೆ ಸಿಕ್ಕಿ ಒಡೆಯಿತು. ಹಣತೆ ಮುಟ್ಟಿದ್ದಾಗಲಿ ಒಡೆದದ್ದಾಗಲಿ ನನ್ನ ಬೆರಳಿಗೆ ತಿಳಿಯಲಿಲ್ಲ. ಕಣ್ಣು ಕಂಡು ಹೇಳಬೇಕಾಯಿತು.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಯಂತ್ರಶಾಸ್ತ್ರದ ಗಂಧವಿಲ್ಲ. ಆದರೂ ಇದರ ಹಿಂದಿನ ಕಥೆಯನ್ನು ಅರಿಯಬೇಕೆಂದು ಕೆಲವು ಪುಸ್ತಕಗಳನ್ನು ತಿರುವಿ ಹಾಕಿದೆ.

1946ರ ಮೇ 21. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಲೂಯಿ ಸ್ಲಾಟಿನ್ ಎಂಬ ಮೂವತ್ತೈದು ವರ್ಷದ ವಿಜ್ಞಾನಿ ಪ್ಲುಟೋನಿಯಮ್ ಗೋಳದ ಮೇಲೆ ಬೆರಿಲಿಯಮ್ ಲೋಹದ ಬೋಗುಣಿಯೊಂದನ್ನು ಮೆಲ್ಲಗೆ ಇಳಿಸುತ್ತಿದ್ದ. ಎಡಗೈ ಹೆಬ್ಬೆರಳು ಬೋಗುಣಿಯ ಹಿಡಿತದಲ್ಲಿ. ಅದು ಪೂರ್ತಿ ಮುಚ್ಚಿಕೊಳ್ಳದಂತೆ ತಡೆದಿದ್ದುದು ಬಲಗೈಯ ಒಂದು ಸ್ಕ್ರೂಡ್ರೈವರ್ ಮಾತ್ರ. ಅದು ಜಾರಿತು. ನೀಲಿ ಬೆಳಕು ಮಿಂಚಿತು. ಆತ ಅದೇ ಕೈಯಿಂದ ಬೋಗುಣಿಯನ್ನು ಕಿತ್ತೆಸೆದ. ಒಂಬತ್ತು ದಿನಗಳ ಮೇಲೆ ತೀರಿಕೊಂಡ. ಅಲ್ಲಿಗೆ ಅಂಥ ಪ್ರಯೋಗಗಳನ್ನು ಬರಿಗೈಯಿಂದ ನಡೆಸುವುದು ನಿಂತಿತು. ಕೈ ಬೇಕು, ಆದರೆ ಕೈ ಅಲ್ಲಿರಕೂಡದು: ಅಣುಯುಗ ಮುಂದಿಟ್ಟ ವಿಚಿತ್ರ ಸಮಸ್ಯೆ ಇದು.

ಇದನ್ನು ಬಿಡಿಸಲು ಹೊರಟವರಲ್ಲಿ ಮುಖ್ಯನಾದವನು ಷಿಕಾಗೋ ಬಳಿಯ ಆರ್ಗಾನ್ ಪ್ರಯೋಗಶಾಲೆಯ ರೇಮಂಡ್ ಗೋರ್ಟ್ಸ್. ಮೊದಮೊದಲು ಅಲ್ಲಿ ಗುಂಡಿ ಒತ್ತಿ ನಡೆಸುವ ವಿದ್ಯುತ್ ತೋಳುಗಳನ್ನು ಮಾಡಿ ನೋಡಿದರು. ಕೆಲಸ ಸಾಗಲಿಲ್ಲ. ಒಂದು ಲೋಟ ಎತ್ತುವುದಕ್ಕೂ ಯಾವ ಗುಂಡಿ ಯಾವ ಕೀಲಿಗೆಂದು ಯೋಚಿಸಬೇಕು. ಎಷ್ಟು ಒತ್ತಿದೆನೆಂಬ ಅರಿವಂತೂ ಇಲ್ಲ. 1949ರ ಸುಮಾರಿಗೆ ಗೋರ್ಟ್ಸ್ ಬೇರೆ ದಾರಿ ಹಿಡಿದ. ದಪ್ಪ ಗೋಡೆಯ ಈಚೆಗೊಂದು ತೋಳು, ಆಚೆಗೊಂದು ತೋಳು. ಎರಡನ್ನೂ ಗೋಡೆಯ ಮೇಲ್ಭಾಗದಲ್ಲಿ ಹಾಯಿಸಿದ ಉಕ್ಕಿನ ಎಳೆಗಳಿಂದ ಜೋಡಿಸಿದ. ಗಾಜಿನ ಕಿಟಕಿಯಲ್ಲಿ ನೋಡುತ್ತ ಈಚೆಯದನ್ನು ಆಡಿಸಿದರೆ ಆಚೆಯದು ಆಡುತ್ತದೆ. ಈಚೆಯದಕ್ಕೆ 'ಮಾಸ್ಟರ್', ಆಚೆಯದಕ್ಕೆ 'ಸ್ಲೇವ್' ಎಂದು ಹೆಸರಿಟ್ಟರು. ಒಡೆಯ, ಗುಲಾಮ! ಹೆಸರು ನನಗೆ ಹಿಡಿಸಲಿಲ್ಲ. ಆದರೆ ಈ ಗುಲಾಮ ಒಡೆಯನಿಗೆ ಎದುರಾಡಬಲ್ಲವನಾಗಿದ್ದ ಎಂಬುದೇ ಯಂತ್ರದ ಹಿರಿಮೆ. ಆಚೆಯ ಕೈ ಮೇಜಿಗೆ ತಗುಲಿದರೆ ಅದರ ತಡೆ ಅದೇ ಎಳೆಗಳ ಮೂಲಕ ಈಚೆಯ ಮಣಿಕಟ್ಟಿಗೆ ಬರುತ್ತಿತ್ತು. ನಮ್ಮ ಉಪ್ಪಿನಕುದ್ರಿನ ಸೂತ್ರದ ಬೊಂಬೆಯಾಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರ ಬೊಂಬೆಯನ್ನು ಎಳೆಯುವಂತೆ ಬೊಂಬೆಯ ಭಾರವೂ ದಾರದಲ್ಲಿ ಬೆರಳಿಗೆ ಬರುತ್ತದೆ.

1954ರಲ್ಲಿ ಗೋರ್ಟ್ಸ್ ಉಕ್ಕಿನ ಎಳೆಗಳನ್ನೂ ತೆಗೆದುಹಾಕಿದ. ಎರಡು ತೋಳುಗಳಿಗೂ ಮೋಟಾರು ಹೂಡಿ ಚಲನೆಯನ್ನೂ ತಡೆಯನ್ನೂ ವಿದ್ಯುತ್ತಿನಿಂದಲೇ ಸಾಗಿಸಿದ. ಒತ್ತಡವನ್ನು ಹಿಂದಕ್ಕೆ ತರುವ ಪಾಡನ್ನು ಆಗಲೂ ಬಿಡಲಿಲ್ಲ.

ಸಾಹಿತ್ಯದವನಾದ ನಾನು ಒಂದು ಮಾತನ್ನು ಹೇಳದಿರಲಾರೆ. ಇದೆಲ್ಲಕ್ಕಿಂತ ಮೊದಲೇ, 1942ರಲ್ಲಿ, ರಾಬರ್ಟ್ ಹೈನ್‌ಲೈನ್ 'ವಾಲ್ಡೊ' ಎಂಬ ಕಥೆ ಬರೆದಿದ್ದ. ಸ್ನಾಯುಗಳಲ್ಲಿ ಕಸುವಿಲ್ಲದ ಅದರ ನಾಯಕ ಕೈಗವಸು ತೊಟ್ಟು ಬೆರಳಾಡಿಸಿದರೆ ಯಂತ್ರದ ಕೈಗಳು ದುಡಿಯುತ್ತವೆ. ಮುಂದೆ ಎಂಜಿನಿಯರುಗಳೂ ಇಂಥ ಕೈಗಳನ್ನು 'ವಾಲ್ಡೊ' ಎಂದೇ ಕರೆದರು.

ಕಥೆಯ ಕೈಗವಸು ಮಾರುಕಟ್ಟೆಗೆ ಬಂದದ್ದು 1980ರ ದಶಕದಲ್ಲಿ. ವಿಪಿಎಲ್ ಎಂಬ ಕಂಪನಿಯ 'ಡೇಟಾಗ್ಲವ್' ಬೆರಳುಗಳುದ್ದಕ್ಕೂ ಬೆಳಕಿನ ಎಳೆಗಳನ್ನು ಹಾಯಿಸಿತ್ತು. ಬೆರಳು ಬಾಗಿದಷ್ಟೂ ಎಳೆಯಿಂದ ಬೆಳಕು ಸೋರುತ್ತದೆ, ಸೋರಿಕೆಯನ್ನು ಅಳೆದರೆ ಬಾಗು ತಿಳಿಯುತ್ತದೆ. ನಮ್ಮ ಹುಡುಗನ ಗವಸಿನಲ್ಲಿ ಇದ್ದದ್ದು ಉಗುರಿನಷ್ಟಗಲದ ಚಿಪ್ಪು. ಅದರೊಳಗೆ ಕಣ್ಣಿಗೆ ಕಾಣದ ತೂಕವೊಂದು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದಂತೆ. ಕೈ ಓರೆಯಾದಾಗ ಭೂಮಿಯ ಸೆಳೆತ ಅದನ್ನು ಬೇರೊಂದು ಕಡೆಗೆ ಎಳೆಯುತ್ತದೆ. ಆ ಎಳೆತವೇ ಕೈಯ ಓರೆಯ ಲೆಕ್ಕ. ಬಲು ಸೊಗಸಾದ ಉಪಾಯ. ಆದರೆ ಗಾಳಿಯಲ್ಲಿ ಆಡಿಸುವ ಕೈಗೆ ಎದುರು ಹೇಳುವವರು ಯಾರೂ ಇಲ್ಲ. ಗೋರ್ಟ್ಸ್ ಹಟ ಹಿಡಿದು ಉಳಿಸಿಕೊಂಡದ್ದನ್ನು ಅಗ್ಗದ ಈ ಗವಸು ಕೈಬಿಟ್ಟಿತ್ತು. ನನ್ನ ಹಣತೆ ಒಡೆದದ್ದು ಅಲ್ಲಿ.

ಇದನ್ನು ಹುಡುಗನಿಗೆ ಹೇಳಿದೆ. ಆತ ವಾದಿಸಲಿಲ್ಲ. ಮೊದಲು ನಡುಕಕ್ಕೆ ಮದ್ದು ಹುಡುಕಿ, ಹಲವು ಕ್ಷಣಗಳ ಅಳತೆಯ ಸರಾಸರಿ ತೆಗೆಯುವಂತೆ ಮಾಡಿದ. ತೋಳು ನಡುಗುವುದು ನಿಂತಿತು. ಆದರೆ ನನ್ನ ಕೈ ನಿಂತಮೇಲೂ ಅದು ತುಸು ದೂರ ಹೋಗಿ ನಿಲ್ಲುತ್ತಿತ್ತು. ಎರಡನೆಯ ಹಣತೆಯೂ ಹೋಯಿತು. ಮರುದಿನ ಇಕ್ಕುಳದ ತುದಿಗೆ ಒತ್ತಡ ಅಳೆಯುವ ಬಿಲ್ಲೆಯನ್ನೂ, ಗವಸಿನ ತೋರುಬೆರಳಿಗೆ ಮೊಬೈಲನ್ನು ಗುಂಯ್‌ಗುಡಿಸುವಂಥ ಪುಟ್ಟ ಮೋಟಾರನ್ನೂ ಅಂಟಿಸಿದ. ಮೂರನೆಯ ಹಣತೆಯ ಹತ್ತಿರ ಹೋದಾಗ ಬೆರಳಿನಲ್ಲಿ ಸಣ್ಣ ಗುಂಜಾರ ಎದ್ದಿತು. ನಾನು ಕೈಯನ್ನು ಅಲ್ಲಿಯೇ ತಡೆದೆ. ಹಣತೆ ಮೇಜಿನಿಂದ ನಾಲ್ಕು ಅಂಗುಲ ಮೇಲೆದ್ದು, ಮತ್ತೆ ಇಳಿಯಿತು.