ಕಲಬುರಗಿ ಸೀಮೆಯಲ್ಲಿ ಪರಭಾಷಾ ವಿದ್ಯಾಭ್ಯಾಸವು



ಪ್ರಾತಃಕಾಲದಲ್ಲಿ ಖೂಬಾ ಪ್ಲಾಟಿನ ಬೀದಿಯಲ್ಲಿ ನಿಂತು ನೋಡಿದರೆ, ಪುಸ್ತಕದ ಚೀಲವನ್ನು ಹೊತ್ತು ಆಂಗ್ಲ ಮಾಧ್ಯಮದ ಶಾಲೆಗಳಿಗೆ ತೆರಳುವ ಬಾಲಕ ಬಾಲಿಕೆಯರು ಕಾಣಿಸುವರು. ಇವರಲ್ಲಿ ಅನೇಕರಿಗೆ ಮನೆಯ ಮಾತು ಒಂದು, ಶಾಲೆಯ ಮಾತು ಮತ್ತೊಂದು. ಶ್ರೀಮಠದ ದರ್ಶನಕ್ಕೆ ಬರುವ ತಾಯಂದಿರು, “ಮನ್ಯಾಗ ಅರಳು ಹುರಿದಂಗ ಮಾತಾಡತಾನ್ರಿ, ಸಾಲ್ಯಾಗ ಬಾಯೇ ಬಿಡಂಗಿಲ್ಲರೀ” ಎಂದು ಹೇಳಿಕೊಳ್ಳುವದುಂಟು. ಈ ಸಂಕಟವು ನಮ್ಮ ಸೀಮೆಗೆ ಹೊಸದಲ್ಲ. ಇದರ ಪೂರ್ವವೃತ್ತಾಂತವನ್ನು ಅರಿತರೆ ಪರಿಹಾರದ ದಾರಿಯೂ ತೋರುವದು.

ನಿಜಾಮರ ರಾಜ್ಯದಲ್ಲಿ ಮೊದಲು ಪಾರಸಿಯೂ, 1884 ರಿಂದೀಚೆಗೆ ಉರ್ದುವೂ ರಾಜಭಾಷೆಯಾಗಿದ್ದವು. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡವಿದ್ದರೂ ಮೇಲಿನ ವಿದ್ಯೆಗೂ ನೌಕರಿಗೂ ಉರ್ದುವೇ ಬಾಗಿಲು. 1918 ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಉಚ್ಚ ಶಾಸ್ತ್ರಗಳನ್ನು ದೇಶಭಾಷೆಯಲ್ಲಿ ಕಲಿಸಬಹುದೆಂದು ಅದು ತೋರಿಸಿತು. ಅದಕ್ಕಾಗಿ ಗ್ರಂಥಗಳ ಭಾಷಾಂತರಕ್ಕೆ ಪ್ರತ್ಯೇಕ ಕಾರ್ಯಾಲಯವೇ ಏರ್ಪಟ್ಟಿತು. ಆಂಗ್ಲವನ್ನೂ ಕೈಬಿಡದೆ ಕಡ್ಡಾಯ ಪಾಠವಾಗಿ ಇರಿಸಿದರು. ಈ ತತ್ತ್ವವು ಉತ್ತಮವಾದುದೇ. ಆದರೆ ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳಿಗೆ ಆ ದೇಶಭಾಷೆಯೂ ಪರಭಾಷೆಯೇ ಆಗಿದ್ದಿತು. ಇದು ಉರ್ದುವಿನ ದೋಷವಲ್ಲ. ಅದು ಬಹು ಸೊಗಸಾದ ಭಾಷೆ. ಮನೆಯ ಮಾತಿನಿಂದ ಅಲ್ಲಿಗೆ ಏರಲು ಮೆಟ್ಟಿಲುಗಳಿಲ್ಲದ್ದೇ ದೋಷ.

ಅಂಥ ಕಾಲದಲ್ಲಿಯೂ ದೀಪ ಹಚ್ಚಿದವರುಂಟು. 1907 ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯವು ಜನ್ಮತಾಳಿತು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ನಿಜಾಮರ ಆಳಿಕೆಯಲ್ಲಿಯೇ ಕನ್ಯೆಯರಿಗಾಗಿ ಶಾಲೆಯನ್ನು ತೆರೆದರು. ಅತ್ತ ಮುಂಬಯಿ ಆಧಿಪತ್ಯದ ಧಾರವಾಡದಲ್ಲಿ 1883 ರಲ್ಲಿಯೇ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ಸಂಸ್ಥೆಯನ್ನು ಕಟ್ಟಿದ್ದರು. ಹೊಸ ವಿದ್ಯೆಯನ್ನು ಹಳಿಯುತ್ತ ಕೂಡದೆ, ಅದನ್ನು ಪಡೆಯಲು ಬಡ ಮಕ್ಕಳಿಗೆ ಕೈಗೋಲು ಕೊಡುವದೇ ಧರ್ಮವೆಂದು ಆ ಹಿರಿಯರು ಬಗೆದರು.

1948 ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು; 1956 ರಲ್ಲಿ ನಮ್ಮ ಜಿಲ್ಲೆಯು ಕನ್ನಡ ರಾಜ್ಯಕ್ಕೆ ಕೂಡಿತು. ಶಾಲೆಗಳಲ್ಲಿ ಕನ್ನಡವು ನೆಲೆಗೊಂಡಿತು. 1958 ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಲು ತಾಂತ್ರಿಕ ವಿದ್ಯೆಯೂ, ತರುವಾಯ ವೈದ್ಯವಿದ್ಯೆಯೂ ಊರಿಗೇ ಬಂದವು. ಆದರೆ ಆ ಶಾಸ್ತ್ರಗಳ ಪಾಠವು ಆಂಗ್ಲದಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಗಣಿತದಲ್ಲಿ ಮೊದಲಿಗನಾದ ಬಾಲಕನು ಅಲ್ಲಿ ಒಮ್ಮೆಲೇ ಮೂಕನಾಗುವದನ್ನು ನಾವು ಕಂಡಿದ್ದೇವೆ. ಅವನಿಗೆ ಬುದ್ಧಿಯ ಕೊರತೆಯಿರಲಿಲ್ಲ, ಶಬ್ದದ ಕೊರತೆಯಿದ್ದಿತು. 2007 ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಆಂಗ್ಲಪಾಠವು ಮೊದಲಾಯಿತು. 2014 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆಯನ್ನು ತಾಯಿತಂದೆಗಳಿಗೆ ಬಿಟ್ಟಿತು. 2019 ರಲ್ಲಿ ಸರಕಾರಿ ಶಾಲೆಗಳಲ್ಲಿಯೂ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆದವು. ಬಾಗಿಲು ತೆರೆಯಿತು; ಮೆಟ್ಟಿಲ ಮಾತು ಉಳಿಯಿತು.

ಈ ಮೆಟ್ಟಿಲು ನಮ್ಮ ಪಾಠಶಾಲೆಗಳಿಗೆ ಅಪರಿಚಿತವಲ್ಲ. ಸಂಸ್ಕೃತವು ಯಾವ ವಟುವಿನ ಮನೆಯ ಮಾತೂ ಅಲ್ಲ. ಆದುದರಿಂದ ಗುರುಗಳು ಮೊದಲು ಶ್ಲೋಕವನ್ನು ಕಿವಿಗೆ ಹಾಕುವರು. ಬಳಿಕ ಪದಚ್ಛೇದ, ಅನ್ವಯ, ಕನ್ನಡದಲ್ಲಿ ಪ್ರತಿಪದಾರ್ಥ, ಕಡೆಗೆ ತಾತ್ಪರ್ಯ. ಅರ್ಥವಿಲ್ಲದ ಕಂಠಪಾಠದಲ್ಲಿ ಯಾರೂ ನಿಲ್ಲಿಸರು. ಆಂಗ್ಲಕ್ಕೂ ಇದೇ ಕ್ರಮವು ಸಲ್ಲುವದು. ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುವದು, ಆಂಗ್ಲದಲ್ಲಿ ಕರ್ತೃವಿನ ಬೆನ್ನಿಗೇ ಬರುವದು. ‘ಮನೆಯಲ್ಲಿ’ ಎಂಬಲ್ಲಿ ವಿಭಕ್ತಿಯು ಹಿಂದೆ ಹತ್ತುವದು, ಅವರ ‘ಇನ್’ ಶಬ್ದವು ಮುಂದೆ ನಿಲ್ಲುವದು. ನಮ್ಮಲ್ಲಿ ಬರೆದಂತೆ ಓದುವೆವು, ಅಲ್ಲಿ ಹಾಗಲ್ಲ. ಇಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮಗುವಿನ ಅರ್ಧ ಭಯವು ಹೋಗುವದು. ತೊಗರಿಯ ಹೊಲ, ಕಮಲಾಪುರದ ಕೆಂಪು ಬಾಳೆಯಹಣ್ಣು ಮುಂತಾದ ಕಂಡ ವಸ್ತುಗಳಿಂದ ಮಾತು ಮೊದಲಾಗಬೇಕು. ಆರಂಭದಲ್ಲಿ ಮಗುವು ಸುಮ್ಮನಿದ್ದರೆ ದಡ್ಡನೆನ್ನಬಾರದು. ತೊಟ್ಟಿಲ ಕೂಸು ಸಹ ಬಹು ದಿನ ಕೇಳಿದ ಮೇಲೆಯೇ ನುಡಿಯುವದು. ಮನೆಯಲ್ಲಿ ತಾಯಿತಂದೆಗಳು ಮುರುಕು ಆಂಗ್ಲವನ್ನಾಡುವದಕ್ಕಿಂತ, ತುಂಬಿದ ಕನ್ನಡದಲ್ಲಿ ಕಥೆ ಹೇಳುವದು ಮೇಲು. ಒಂದು ಭಾಷೆಯಲ್ಲಿ ಅರ್ಥವನ್ನು ಹಿಡಿಯಲು ಕಲಿತ ಬುದ್ಧಿಯು ಇನ್ನೊಂದರಲ್ಲಿಯೂ ಅದನ್ನು ಹಿಡಿಯಬಲ್ಲದು.

ಇನ್ನೊಂದು ಮಾತು. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ನಮ್ಮ ಕನ್ನಡವೇ ಪರಭಾಷೆ. ಆಂಗ್ಲದೆದುರು ನಮ್ಮ ಮಕ್ಕಳು ಪಡುವ ಕಷ್ಟವನ್ನು ಆ ಮಗುವು ನಮ್ಮೆದುರಿಗೆ ಪಡುತ್ತಿದೆಯೆಂಬುದನ್ನು ಮರೆಯಬಾರದು.

ಶರಣರು ತತ್ತ್ವವನ್ನು ಜನರ ಮಾತಿಗೆ ಇಳಿಸಿ ಎಲ್ಲರಿಗೂ ದಾರಿ ಮಾಡಿದರು. ಅವರ ಮಕ್ಕಳಾದ ನಾವು ಅನ್ನದಾಸೋಹದೊಡನೆ ಸಂಜೆಯ ಒಂದು ತಾಸನ್ನು ಜ್ಞಾನದಾಸೋಹಕ್ಕೂ ಮೀಸಲಿಡೋಣ. ಓದು ಬಲ್ಲ ಭಕ್ತರು ವಾರಕ್ಕೆರಡು ದಿನ ನೆರೆಯ ಮಕ್ಕಳನ್ನು ಕೂಡಿಸಿ ಅರ್ಥಸಹಿತವಾಗಿ ಪಾಠ ಹೇಳಿದರೆ, ಶಾಲೆಯಲ್ಲಿ ಮುಚ್ಚಿದ ಬಾಯಿಗಳು ತೆರೆದಾವು. ಈ ಮಹೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆಯಿಲ್ಲ. ಇತ್ಯಲಂ.