ಕಾಡಂಚಿನ ಕ್ಯಾಮೆರಾ: ಕೃಪಾಕರ–ಸೇನಾನಿ

ಮೈಸೂರಿನ ಕೃಪಾಕರ ಮತ್ತು ಸೇನಾನಿ ವನ್ಯಜೀವಿ ಛಾಯಾಗ್ರಾಹಕರು, ಸಾಕ್ಷ್ಯಚಿತ್ರಕಾರರು, ಲೇಖಕರು. ಈ ಎರಡು ಹೆಸರನ್ನು ಬಿಡಿಬಿಡಿಯಾಗಿ ಹೇಳುವವರು ಕಡಿಮೆ. ಅವರ ಕೆಲಸದ ಬಹುಪಾಲು ನಡೆದದ್ದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಮುದುಮಲೈ ಕಾಡಿನಲ್ಲಿ.

ಕೆನ್ನಾಯಿಯ ಹಿಂದೆ

ಕೆನ್ನಾಯಿಗೆ ಸೀಳುನಾಯಿ ಎಂಬ ಹೆಸರೂ ಇದೆ. ಬೇಟೆಯ ಜೀವ ಹೋಗುವ ಮೊದಲೇ ತಿನ್ನತೊಡಗುತ್ತದೆಂದು ಬ್ರಿಟಿಷ್ ಶಿಕಾರಿಗಳಿಗೆ ಇದನ್ನು ಕಂಡರಾಗುತ್ತಿರಲಿಲ್ಲ. ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಕಾನೂನಿನ ರಕ್ಷಣೆ ದೊರೆತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ.

ಹುಲಿ, ಆನೆ ಕಂಡರೆ ಸಫಾರಿ ಜೀಪುಗಳು ಸಾಲುಗಟ್ಟುವ ಕಾಡಿನಲ್ಲಿ ಇವರಿಬ್ಬರು ಈ ಬೈಸಿಕೊಂಡ ಪ್ರಾಣಿಯ ಜಾಡು ಹಿಡಿದರು. ಜೊತೆಗಿದ್ದವರು ಜೇನುಕುರುಬ ಬುಡಕಟ್ಟಿನ ಒಡನಾಡಿಗಳು. ಕೆನ್ನಾಯಿ ಸಿಳ್ಳೆ ಹಾಕಿ ಚದುರಿದ ಗುಂಪನ್ನು ಕೂಡಿಸಿಕೊಳ್ಳುತ್ತದೆ. ಬೇಟೆ ಮುಗಿಸಿ ಗೂಡಿಗೆ ಬಂದ ದೊಡ್ಡ ನಾಯಿಯ ಮೂತಿಗೆ ಮರಿಗಳು ಮುತ್ತಿಕೊಳ್ಳುತ್ತವೆ. ಅದು ನುಂಗಿ ತಂದ ಮಾಂಸವನ್ನು ಅಲ್ಲೇ ಕಕ್ಕಿ ಉಣಿಸುತ್ತದೆ. ಮರಿ ಕಾಯಲು ಉಳಿದವರಿಗೂ ಅದರಲ್ಲಿ ಪಾಲುಂಟು. ಹೆತ್ತವಳು ಒಬ್ಬಳಾದರೂ ಸಾಕುವುದು ಇಡೀ ಗುಂಪು. ಇಷ್ಟನ್ನು ಕಣ್ಣಾರೆ ಕಂಡವರು ಕೆನ್ನಾಯಿಯನ್ನು ‘ಕ್ರೂರಿ’ ಎಂದು ಸಲೀಸಾಗಿ ಕರೆಯಲಾರರು.

ಇವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಯುವ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಬಂತು. ‘ಹಸಿರು ಆಸ್ಕರ್’ ಅನ್ನುವುದು ಇದನ್ನೇ. ‘ಕೆನ್ನಾಯಿಯ ಜಾಡಿನಲ್ಲಿ’ ಇದೇ ಅಲೆದಾಟದ ಪುಸ್ತಕ.

ಹದಿನಾಲ್ಕು ದಿನ

1997ರ ಅಕ್ಟೋಬರ್‌ನಲ್ಲಿ ಕಾಡುಗಳ್ಳ ವೀರಪ್ಪನ್ ಇವರನ್ನು ಬಂಡೀಪುರದಿಂದ ಅಪಹರಿಸಿದ. ದೊಡ್ಡ ಸರ್ಕಾರಿ ಅಧಿಕಾರಿಗಳೇ ಕೈಗೆ ಸಿಕ್ಕರೆಂದುಕೊಂಡಿದ್ದ. 14 ದಿನದ ನಂತರ ಬಿಟ್ಟ. ಅವರ ಹೆಸರು ಮನೆಮಾತಾದದ್ದು ಇದರಿಂದಲೇ ಇರಬಹುದು. ಕೆಲಸದ ಲೆಕ್ಕದಲ್ಲಿ ಮಾತ್ರ ಇದು ಸಣ್ಣ ಅಧ್ಯಾಯ.

ಸೌದೆ, ಸಗಣಿ, ಸಿಲಿಂಡರ್

ಬಂಡೀಪುರದ ಅಂಚಿನ ಹಳ್ಳಿಗಳಿಗೆ ಸೌದೆಗೂ ಮೇವಿಗೂ ಕಾಡೇ ಗತಿಯಾಗಿತ್ತು. 1990ರ ದಶಕದಲ್ಲಿ ಕಾಫಿ ಬೆಲೆ ಏರಿದಾಗ ತೋಟಗಳಿಂದ ಇಲ್ಲಿನ ಸಗಣಿಗೊಬ್ಬರಕ್ಕೆ ಗಿರಾಕಿ ಹೆಚ್ಚಿತು, ಕಾಡು ಮೇಯುವ ದನಗಳೂ ಹೆಚ್ಚಿದವು. ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಟನ್ನು ಬಿಡಿಸಿ ತೋರಿಸಿತು. ಎಲ್ಲೋ ದೂರದ ಕಾಫಿ ಮಾರುಕಟ್ಟೆಯ ಏರಿಳಿತ ಗುಂಡ್ಲುಪೇಟೆಯ ಹುಲ್ಲಿಗೆ ತಟ್ಟುತ್ತದೆಂದರೆ ಮೊದಲಿಗೆ ಯಾರೂ ನಂಬಲಾರರು.

ಹಳ್ಳಿಗರಿಗೆ ಕಾಡಿನ ಚಿತ್ರ ತೋರಿಸಿ ಸೌದೆ ತರಬೇಡಿ ಎಂದರೆ ಅನ್ನ ಬೇಯಬೇಕಲ್ಲ? ಕೃಪಾಕರ–ಸೇನಾನಿ ಗೆಳೆಯರೊಂದಿಗೆ ಕಟ್ಟಿದ ‘ನಮ್ಮ ಸಂಘ’ ಈ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕ ಕೊಡಿಸತೊಡಗಿತು. ಕಷ್ಟವಿದ್ದದ್ದು ಎರಡನೆಯ ಸಿಲಿಂಡರಿನಲ್ಲಿ. ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಬೇಕೆಂದರೆ ಗ್ಯಾಸ್ ಒಲೆ ಅಟ್ಟ ಸೇರಿ ಸೌದೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ತುಂಬಿದ ಸಿಲಿಂಡರನ್ನು ಹಳ್ಳಿಗೇ ಮುಟ್ಟಿಸುವ ಹೊಣೆಯನ್ನೂ ಸಂಘವೇ ಹೊತ್ತುಕೊಂಡಿತು.